ವೀಲಿಂಗ್ ಚಾರ್ಜ್‌ಗೆ ಕನ್ನಡದಲ್ಲಿ ಏನಂತೀರಿ? ಜೊತೆಗೆ ಬೇಡಿಕೆ, ದರ, ಧಾರಣೆ

ಎಲ್ಲರಿಗೂ ನಮಸ್ಕಾರ.

ಕರೆಂಟ್ ಬಿಲ್ಲಿನ ಒಂದು ಪದ ಕೇಳೋಣ ಅಂತ ಕೂತೆ, ಅದು ನಾಲ್ಕಾಯಿತು. ಕಲಬುರಗಿಯಲ್ಲಿ ಎರಡು ಮೂರು ಬೇಳೆ ಮಿಲ್ಲುಗಳ ಲೆಕ್ಕ ಬರೆಯುತ್ತೇನೆ. ಕರೆಂಟ್ ಬಿಲ್ ಯಾಕೆ ಹೀಗೆ ಕುಣಿಯುತ್ತದೆ ಅಂತ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ ಅಂದರು ಮಿಲ್ಲಿನವರು. ಬರೆದುಕೊಟ್ಟೆ. ಸಾವ್ಕಾರರು ಮೊದಲ ಸಾಲಿಗೇ ನಿಂತುಬಿಟ್ಟರು.

ಅಲ್ಲಿ ‘ಬೇಡಿಕೆ ಶುಲ್ಕ’ ಅಂತಿತ್ತು. ಡಿಮ್ಯಾಂಡ್ ಚಾರ್ಜ್‌ಗೆ ನಾವೆಲ್ಲ ಬರೆಯುವುದು ಅದೇ ಅಲ್ವಾ. ಅವರು ಚಷ್ಮಾ ತೆಗೆದು ನನ್ನನ್ನೇ ನೋಡಿದರು. “ನಾ ಏನ್ ಬೇಡೀನ್ರೀ ಅವರಿಗಿ? ಮಳಿಗಾಲದಾಗ ಮಿಲ್ಲೇ ಬಂದ್ ಅದ. ಬೇಡಿಕಿ ಎಲ್ಲಿಂದ ಬಂತು?”

ಅವರು ಕೇಳಿದ್ದು ಸರಿಯಾಗೇ ಇದೆ. ಹೊಸ ತೊಗರಿ ಬರುವುದು ಡಿಸೆಂಬರ್, ಜನವರಿಗೆ. ಅಲ್ಲಿಂದ ಕೆಲವು ತಿಂಗಳು ಮಿಲ್ಲು ಜೋರು. ಮಳೆ ಹಿಡಿದರೆ ಅಂಗಳದಲ್ಲಿ ಕಾಳು ಒಣಗುವುದಿಲ್ಲ, ಹಳೇ ಪದ್ಧತಿಯ ಮಿಲ್ಲುಗಳು ಸುಮ್ನೆ ನಿಲ್ಲುತ್ತವೆ. ಮೀಟರ್ ಓಡದಿದ್ದರೂ ಈ ಶುಲ್ಕ ಮಾತ್ರ ಬರುತ್ತದೆ. ಯಾಕಂದ್ರೆ ಅದು ಸುಟ್ಟ ಯೂನಿಟ್ಟಿನ ದುಡ್ಡಲ್ಲ. ಇಷ್ಟು ಲೋಡ್ ಯಾವಾಗ ಬೇಕಾದರೂ ಎಳೆಯುತ್ತೇನೆ ಅಂತ ನಾವು ಬರೆದುಕೊಟ್ಟಿರುತ್ತೇವೆ. ಅದಕ್ಕಾಗಿ ತಂತಿ, ಟ್ರಾನ್ಸ್‌ಫಾರ್ಮರ್ ತಯಾರಾಗಿ ಇಟ್ಟಿರುತ್ತಾರೆ. ಅದರ ದುಡ್ಡು. ನಮ್ಮ ‘ಬೇಡಿಕೆ’ಯಲ್ಲಿ ಕೈಯೊಡ್ಡಿ ಕೇಳುವ ಅರ್ಥ ಇದೆ, ಕಾದಿಡುವ ಅರ್ಥ ಇಲ್ಲ. ಇದನ್ನು ವಿವರಿಸಿದ ಮೇಲೆ ಸಾವ್ಕಾರರು “ಅಂದ್ರ ಗೋದಾಮ್ ಬಾಡಿಗಿ ಇದ್ದಂಗ. ಮಾಲು ಇಡು, ಬಿಡು, ಕೊಡೋದು ಕೊಡಬೇಕು” ಅಂದರು. ನನ್ನ ಇಡೀ ಪ್ಯಾರಾಗಿಂತ ಅದೇ ವಾಸಿ. ‘ಕಾದಿಟ್ಟ ಲೋಡಿನ ಶುಲ್ಕ’ ಅಂತ ತಿದ್ದಿದ್ದೇನೆ. ಉದ್ದವಾಯಿತೇ?

ಎರಡನೆಯದು, ಕರೆಂಟಿನ ಹೋಲ್‌ಸೇಲ್ ರೇಟು. ‘ಸಗಟು ದರ’ ಅಂತ ಬರೆದಿದ್ದೆ. ಸಗಟು ಇರಲಿ. ನಮ್ಮ ಕಡೆ ಹಳಬರು ಠೋಕ್ ಅಂತಾರೆ, ಆದರೂ ಸಗಟು ಎಲ್ಲರಿಗೂ ತಿಳಿಯುತ್ತದೆ. ನನಗೆ ಕಿರಿಕಿರಿ ಆಗಿದ್ದು ‘ದರ’. ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶ ಹೊರಡಿಸಿ ಇಷ್ಟು ಅಂತ ಕಟ್ಟಿಹಾಕಿದ್ದು ದರ. ಆದರೆ ಕರೆಂಟಿಗೂ ಒಂದು ಪೇಟೆ ಇದೆ. ಅಲ್ಲಿ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ರೇಟು ಆಗುತ್ತದೆ. ಮಧ್ಯಾಹ್ನ ಸೋಲಾರ್ ಜಾಸ್ತಿ ಇರುವುದರಿಂದ ಸಾಮಾನ್ಯವಾಗಿ ಅಗ್ಗ. ಸಂಜೆ ಬಿಸಿಲು ಇಳಿದು ಮನೆಮನೆಯಲ್ಲಿ ದೀಪ ಹತ್ತಿದ ಮೇಲೆ ತುಟ್ಟಿ. ಇದು ನಮ್ಮೂರ ಪೇಟೆ ನೆಹರು ಗಂಜಿನಲ್ಲಿ ತೊಗರಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ರೇಟು ಆದ ಹಾಗೆಯೇ. ಅದಕ್ಕೆ ನಮ್ಮಲ್ಲಿ ಸೊಗಸಾದ ಪದ ಇದೆ, ಧಾರಣೆ. ‘ಪೇಟೆ ಧಾರಣೆ’ ಅಂತ ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಹಾಗಾಗಿ ಏರಿಳಿಯುವುದು ‘ಸಗಟು ಧಾರಣೆ’, ಕಟ್ಟಿಹಾಕಿದ್ದು ‘ದರ’ ಅಂತ ಬೇರೆ ಮಾಡಿದ್ದೇನೆ. ನಮಗೆ ಕರೆಂಟು ಹಂಚುವ ಜೆಸ್ಕಾಂನಂಥ ವಿತರಣಾ ಕಂಪನಿಗಳು ಕೊಳ್ಳುವ ಕರೆಂಟಿನಲ್ಲಿ ಹೆಚ್ಚಿನ ಪಾಲು ವರ್ಷಗಟ್ಟಲೆಯ ಒಪ್ಪಂದದ್ದು, ಪೇಟೆಯದ್ದಲ್ಲ. ಆ ಪಾಲಿಗೆ ಧಾರಣೆ ಅನ್ನಬಾರದು.

ಕಂಪನಿಯ ಕರೆಂಟ್ ಖರೀದಿ ಅಂದಾಜಿಗಿಂತ ತುಟ್ಟಿಯಾದರೆ ಆ ವ್ಯತ್ಯಾಸ ಮುಂದಿನ ಬಿಲ್ಲುಗಳಲ್ಲಿ ಬರುತ್ತದಲ್ಲ, ಅದಕ್ಕೆ ‘ಹೊಂದಾಣಿಕೆ ಶುಲ್ಕ’ ಅಂತಾರೆ. ಹೊಂದಾಣಿಕೆ ಅಂದ್ರೆ ನನಗೆ ಹೊಸ ಸೊಸೆಗೆ ಹೇಳುವ ಬುದ್ಧಿಮಾತೇ ನೆನಪಾಗುತ್ತದೆ. ಇರಲಿ, ಅದು ರೂಢಿಯಾಗಿದೆ.

ಈಗ ನಿಜವಾದ ತೊಡಕು, ವೀಲಿಂಗ್ ಚಾರ್ಜ್. ಬೇರೆಲ್ಲೋ ಇರುವ ಸೋಲಾರ್ ಘಟಕದಿಂದ ಕರೆಂಟು ಕೊಂಡು, ವಿತರಣಾ ಕಂಪನಿಯ ತಂತಿಯಲ್ಲಿ ಮಿಲ್ಲಿಗೆ ತರಿಸಿಕೊಂಡರೆ ಆ ತಂತಿಗೆ ಕೊಡುವ ದುಡ್ಡು. ಮೊದಲು ಇದು ದೊಡ್ಡ ಕಾರ್ಖಾನೆಗಳ ಮಾತಾಗಿತ್ತು. 2022ರ ಕೇಂದ್ರದ ನಿಯಮದಲ್ಲಿ ಹಸಿರು ಕರೆಂಟಿಗೆ 100 ಕಿಲೋವ್ಯಾಟ್ ಲೋಡ್ ಇದ್ದವರಿಗೂ ಹೀಗೆ ತರಿಸಿಕೊಳ್ಳಲು ದಾರಿ ಬಿಟ್ಟರು. ಹಾಗಾಗಿ ಈಗ ಇಲ್ಲಿನ ಕಪನೂರಿನ ಮಿಲ್ಲುಗಳಲ್ಲೂ ಈ ಮಾತು ಬರುತ್ತದೆ. ಆದರೆ ಕನ್ನಡದಲ್ಲಿ ‘ವೀಲಿಂಗ್’ ಅಂದ್ರೆ ಏನು ಹೇಳಿ? ಹುಡುಗರು ಬೈಕಿನ ಮುಂದಿನ ಗಾಲಿ ಎತ್ತುವುದು! ‘ವೀಲಿಂಗ್ ಶುಲ್ಕ’ ಓದಿದ ನಮ್ಮ ಗುಮಾಸ್ತ “ಪೊಲೀಸರ ದಂಡ ಇದರಾಗ ಯಾಕ ಬಂತ್ರೀ?” ಅಂತ ಕೇಳಿಯೇಬಿಟ್ಟ.

‘ಸಾಗಣೆ ಶುಲ್ಕ’ ಅಂದರೆ ಲಾರಿ ಕಣ್ಣಿಗೆ ಬರುತ್ತದೆ. ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ಹೆಸರಿನಲ್ಲೇ ‘ಪ್ರಸರಣ’ ಇದೆ, ಆದರೆ ಅದು ದೊಡ್ಡ ಟವರ್ ಲೈನುಗಳ ಕೆಲಸ, ಅದರ ಶುಲ್ಕವೇ ಬೇರೆ. ಗೆಳೆಯರೊಬ್ಬರು ‘ಸುಂಕ’ ಅಂದರು. ದಾರಿಯಲ್ಲಿ ಮಾಲು ದಾಟಿಸಿದ್ದಕ್ಕೆ ಕೊಡುವುದು ಅನ್ನುವ ಮಟ್ಟಿಗೆ ಚೆನ್ನಾಗಿದೆ, ಹಳೇ ಶಾಸನಗಳಲ್ಲಿ ಬರುವ ಹೆಜ್ಜುಂಕ ಅನ್ನುವ ಸುಂಕದ ನೆನಪೂ ಬರುತ್ತದೆ. ಆದರೆ ಸುಂಕ ಅಂದರೆ ಸರ್ಕಾರಕ್ಕೆ ಹೋಗುವ ದುಡ್ಡು. ಬಿಲ್ಲಿನಲ್ಲಿ ವಿದ್ಯುತ್ ತೆರಿಗೆ ಅಂತ ಬೇರೆ ಸಾಲೇ ಇದೆ, ಎರಡೂ ಕಲಸಿಹೋಗುತ್ತವೆ.

ಸದ್ಯಕ್ಕೆ ‘ತಂತಿ ಬಾಡಿಗೆ’ ಅಂತ ಹಾಕಿದ್ದೇನೆ. ಸಾವ್ಕಾರರು ತಕರಾರು ಮಾಡಲಿಲ್ಲ. ಆದರೂ ಬಾಡಿಗೆ ಅಂದರೆ ತಂತಿ ಪೂರ್ತಿ ನಮ್ಮ ವಶಕ್ಕೆ ಬಂದ ಹಾಗೆ ಕೇಳಿಸುತ್ತದೆ. ಇಲ್ಲಿ ಹಾಗಲ್ಲ, ಹತ್ತು ಜನರ ಕರೆಂಟು ಒಂದೇ ತಂತಿಯಲ್ಲಿ ಹರಿಯುತ್ತದೆ.

ಬೀದರ್, ಯಾದಗಿರಿ ಕಡೆಯವರು ಯಾರಾದರೂ ಹೇಳಿ. ಪಕ್ಕದ ಹೊಲದವರ ಪೈಪಿನಲ್ಲಿ ನಮ್ಮ ನೀರು ಹಾಯಿಸಿಕೊಂಡರೆ ಅವರಿಗೆ ಏನಾದರೂ ಕೊಡುವ ರೂಢಿ ನಿಮ್ಮೂರಲ್ಲಿ ಇದೆಯಾ? ಇದ್ದರೆ ಅದನ್ನು ಏನಂತ ಕರೆಯುತ್ತೀರಿ? ಪುಟ ಇನ್ನೂ ಝೆರಾಕ್ಸ್‌ಗೆ ಕೊಟ್ಟಿಲ್ಲ.