ಸಂಜೆ ಮಾತ್ರ ಕಾಣುವ ದೋಷವನ್ನು ಸಂಜೆಯೇ ಹುಡುಕಿಸೋಣ

ಮೂಲೆ ಮನೆ:
ನಿನ್ನೆ ಸಂಜೆಯೂ ದೀಪಗಳು ಮಿಣುಕಿದವು. ಇಂದು ಬೆಳಿಗ್ಗೆ ವಿದ್ಯುತ್ ಕಂಪನಿಯ ಸಿಬ್ಬಂದಿ ಬಂದರು, ಸರಬರಾಜು ನಿಲ್ಲಿಸಿದರು, ಮೆಗ್ಗರ್ ಎಂಬ ಅಳತೆಯ ಯಂತ್ರ ಹಚ್ಚಿ ನೋಡಿದರು, "ಕೇಬಲ್ ಚೆನ್ನಾಗಿದೆ" ಎಂದು ಹೊರಟರು. ಪ್ರತಿ ಸಲವೂ ಹೀಗೆಯೇ ಆಗುತ್ತಿದೆ. ಒಬ್ಬೊಬ್ಬರೇ ದೂರು ಕೊಟ್ಟರೆ ಕೆಲಸ ಆಗುವುದಿಲ್ಲ. ಎಲ್ಲರೂ ಸಹಿ ಹಾಕಿ ಒಂದೇ ಮನವಿ ಕೊಡೋಣವೇ?

ಉದ್ಯಾನದ ಎದುರಿನ ಮನೆ:
ನನ್ನ ಸಹಿ ಇದೆ. ಆದರೆ ಒಂದು ವಿಚಿತ್ರ ಗಮನಿಸಿದ್ದೇನೆ. ನಮ್ಮ ದೀಪ ಮಂಕಾಗುವುದಿಲ್ಲ, ಕಣ್ಣು ಕುಕ್ಕುವಂತೆ ಉರಿಯುತ್ತದೆ. ಪಕ್ಕದ ಮನೆಯಲ್ಲಿ ಅದೇ ಕ್ಷಣ ಫ್ಯಾನ್ ನಿಧಾನವಾಗುತ್ತದೆ.

ಕೊನೆಯ ಸಾಲು, ನಿವೃತ್ತ ವಿದ್ಯುತ್ ಎಂಜಿನಿಯರ್:
ಇದನ್ನು ಮನವಿಯಲ್ಲಿ ಮೊದಲನೆಯ ಸಾಲಾಗಿ ಬರೆಯಿರಿ. ಒಂದೆಡೆ ಏರಿಕೆ, ಇನ್ನೊಂದೆಡೆ ಇಳಿಕೆ ಎಂದರೆ ಬಹುಮಟ್ಟಿಗೆ ನ್ಯೂಟ್ರಲ್, ಅಂದರೆ ವಿದ್ಯುತ್ ಮರಳುವ ಸಾಮಾನ್ಯ ತಂತಿ, ಸಡಿಲವಾಗಿದೆ. ನ್ಯೂಟ್ರಲ್ ಗಟ್ಟಿಯಿದ್ದಾಗ ಪ್ರತಿ ಮನೆಗೂ 230 ವೋಲ್ಟ್ ಆಸುಪಾಸು ಸಿಗುತ್ತದೆ. ಅದು ಕೈಬಿಟ್ಟರೆ ಎರಡು ಫೇಸ್‌ಗಳ (ವಿದ್ಯುತ್ ತರುವ ತಂತಿಗಳ) ನಡುವಿನ 400 ವೋಲ್ಟ್ ಮನೆಗಳ ಹೊರೆಗೆ ತಕ್ಕಂತೆ ಹಂಚಿಹೋಗುತ್ತದೆ. ಕಡಿಮೆ ಹೊರೆಯ ಕಡೆ ವೋಲ್ಟೇಜ್ ಏರುತ್ತದೆ. ದೀಪ ಹೀಗೆ ಉರಿದ ತಕ್ಷಣ ಮುಖ್ಯ ಸ್ವಿಚ್ ಆರಿಸಿ. ಇದರಿಂದ ಉಪಕರಣ ಸುಡುತ್ತದೆ, ಬೆಂಕಿಯೂ ಹೊತ್ತಬಹುದು.

ಮೆಗ್ಗರ್ ತಂತಿಯ ಹೊದಿಕೆ ಸೋರುತ್ತಿದೆಯೇ ಎಂಬುದನ್ನಷ್ಟೇ ಹೇಳುತ್ತದೆ. ಸಡಿಲ ಕೀಲು ಅದಕ್ಕೆ ಕಾಣುವುದಿಲ್ಲ. ಸಂಜೆ ಹೊರೆ ಏರಿದಾಗ ಕೀಲು ಕಾದು ಸಂಪರ್ಕ ಬಿಟ್ಟು ಹಿಡಿಯುತ್ತದೆ, ಬೆಳಿಗ್ಗೆ ತಣ್ಣಗಾಗಿ ಕೂಡಿಕೊಂಡಿರುತ್ತದೆ.

ಮೂಲೆ ಮನೆ:
ಹಾಗಾದರೆ ರಸ್ತೆಯುದ್ದಕ್ಕೂ ಅಗೆಯಬೇಕೇ? ಕೇಬಲ್ ನೆಲದಡಿ ಇದೆ.

ಕೊನೆಯ ಸಾಲು:
ಬೇಡ. ಕೇಬಲಿಗೆ ಒಂದು ಪಲ್ಸ್, ಅಂದರೆ ಕ್ಷಣಮಾತ್ರದ ವಿದ್ಯುತ್ ಮಿಡಿತ, ಕಳುಹಿಸಿದರೆ ದೋಷವಿರುವಲ್ಲಿ ಅದರ ಒಂದು ಪಾಲು ಮರಳಿ ಬರುತ್ತದೆ. ವೇಗ ಮೈಕ್ರೊಸೆಕೆಂಡಿಗೆ 160 ಮೀಟರ್ ಇದ್ದು, ಹೋಗಿ ಬರಲು ಒಂದು ಮೈಕ್ರೊಸೆಕೆಂಡ್ ಹಿಡಿದರೆ, ದೋಷ 80 ಮೀಟರ್ ದೂರದಲ್ಲಿದೆ. ಆದರೆ ಸರಬರಾಜು ನಿಲ್ಲಿಸಿ ಹೀಗೆ ಅಳೆದರೆ ಮತ್ತೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಕೀಲು ಆಗ ಕೂಡಿಕೊಂಡಿರುತ್ತದೆ.

ವಿಮಾನಗಳಲ್ಲೂ ಇದೇ ಕಷ್ಟವಿತ್ತು: ಹಾರುವಾಗ ಬರುವ ದೋಷ ನೆಲದ ಮೇಲೆ ಮಾಯ. 1996ರ ಟಿಡಬ್ಲ್ಯುಎ 800 ಮತ್ತು 1998ರ ಸ್ವಿಸ್‌ಏರ್ 111 ವಿಮಾನ ದುರಂತಗಳ ನಂತರ ತಂತಿಯ ದೋಷ ಹುಡುಕುವ ಸಂಶೋಧನೆ ಬಿರುಸಾಯಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಿಂಥಿಯಾ ಫರ್ಸ್ ಮತ್ತು ಸಂಗಡಿಗರು ವಿದ್ಯುತ್ ಹರಿಯುತ್ತಿರುವಾಗಲೇ ಅಳೆಯುವ ವಿಧಾನವನ್ನು ಬೆಳೆಸಿದರು. ತಂತಿಯಲ್ಲಿ ಇರುವ ವಿದ್ಯುತ್ ಗದ್ದಲದ ಮಟ್ಟಕ್ಕಿಂತ ಕ್ಷೀಣವಾದ ಸಂಕೇತವೊಂದನ್ನು ತಂತಿಗೆ ಬಿಟ್ಟು, ಮರಳಿದ್ದನ್ನು ಅದರದೇ ಪ್ರತಿಯೊಂದಿಗೆ ಹೋಲಿಸುತ್ತಾರೆ. ದೀಪ, ಫ್ಯಾನುಗಳಿಗೆ ಅದರಿಂದ ಬಾಧೆಯಿಲ್ಲ.

ನಮ್ಮಲ್ಲಿರುವ ತೊಡಕು ಕವಲುಗಳದ್ದು. ಪ್ರತಿ ಮನೆಯ ಕವಲಿನಿಂದಲೂ ಪ್ರತಿಫಲನ ಬರುತ್ತದೆ. ಆದ್ದರಿಂದ ಮಿಣುಕುವ ಕ್ಷಣದ ದಾಖಲೆಯಿಂದ ಒಳ್ಳೆಯ ಹೊತ್ತಿನ ದಾಖಲೆಯನ್ನು ಕಳೆದು ನೋಡಬೇಕು. ವ್ಯತ್ಯಾಸ ಎಲ್ಲಿ ಎದ್ದು ಕಾಣುತ್ತದೋ ಅಲ್ಲಿ ಅಗೆಯಬೇಕು.

ಗ್ರಂಥಾಲಯದ ಪಕ್ಕದ ಮನೆ:
ಅಂಥ ಉಪಕರಣ ಅವರ ಬಳಿ ಇಲ್ಲದಿದ್ದರೆ?

ಕೊನೆಯ ಸಾಲು:
ಬೀದಿಯ ಪೆಟ್ಟಿಗೆಯಲ್ಲೂ ಸಾಲಿನ ಕೊನೆಯಲ್ಲೂ ವೋಲ್ಟೇಜ್ ದಾಖಲಿಸುವ ಯಂತ್ರವನ್ನು ಕೆಲವು ಸಂಜೆ ಇಡಲಿ, ಅದನ್ನಾದರೂ ಕೇಳೋಣ. ಅಷ್ಟರಲ್ಲಿ ನಾವೇ ಅರ್ಧ ಕೆಲಸ ಮುಗಿಸಬಹುದು. ನ್ಯೂಟ್ರಲ್ ಕಡಿದ ಜಾಗಕ್ಕಿಂತ ಹಿಂದೆ, ಅಂದರೆ ಟ್ರಾನ್ಸ್‌ಫಾರ್ಮರ್ ಕಡೆಗಿರುವ ಮನೆಗಳಿಗೆ ತೊಂದರೆ ಆಗುವುದಿಲ್ಲ. ಮಿಣುಕಿದ ಗಳಿಗೆ, ಏರಿಕೆಯೋ ಇಳಿಕೆಯೋ, ಇಷ್ಟನ್ನು ಪ್ರತಿ ಮನೆಯವರೂ ಇಲ್ಲಿ ಬರೆಯಿರಿ. "ಏನೂ ಆಗಲಿಲ್ಲ" ಎಂಬುದನ್ನೂ ದಯವಿಟ್ಟು ಬರೆಯಿರಿ, ಅದಕ್ಕೂ ಅಷ್ಟೇ ಬೆಲೆಯಿದೆ. ಪೆಟ್ಟಿಗೆಯ ಬಾಗಿಲನ್ನು ಮಾತ್ರ ಯಾರೂ ತೆರೆಯಬೇಡಿ.

ಗ್ರಂಥಾಲಯದ ಪಕ್ಕದ ಮನೆ:
ಬಡಾವಣೆಯ ನಕ್ಷೆ ನನ್ನ ಬಳಿ ಇದೆ, ಗುರುತು ಹಾಕುತ್ತೇನೆ. ನಮ್ಮ ಮನೆಗೆ ಇದುವರೆಗೆ ಏನೂ ಆಗಿಲ್ಲ.

ಉದ್ಯಾನದ ಎದುರಿನ ಮನೆ:
ಹಾಗಾದರೆ ದೋಷ ಗ್ರಂಥಾಲಯಕ್ಕೂ ಉದ್ಯಾನಕ್ಕೂ ನಡುವೆ ಇದೆ. ಅಲ್ಲಿರುವ ಮನೆಗಳವರು ಇಂದು ಸಂಜೆಯಿಂದಲೇ ಬರೆಯತೊಡಗಿ. ಮನವಿಯ ಕರಡನ್ನು ನಾನು ಸಿದ್ಧಪಡಿಸುತ್ತೇನೆ, ಸಹಿಗೆ ಮನೆಮನೆಗೆ ಬರುತ್ತೇನೆ.