ಸಮಸ್ಯೆ: ಮಗನು ತಂದೆಗೆ ಹೆಸರನಿಟ್ಟನು ತೊಟ್ಟಿಲನು ತೂಗಿ

ವಡಾಲಾ ಶಾನುಭೋಗ: ಈ ಸಲ ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ; ಮೇಲೆ ಕೊಟ್ಟ ಸಾಲೇ ಕೊನೆಯದಾಗಬೇಕು. ವಿಷಯ ಕಾವ್ಯನಾಮ. ಮನೆತನವೂ ಬರಲಿ, ಗುಣವೂ ಕಾಣಲಿ.

ಡೊಂಬಿವಲಿ ದಾಸ:
ಹಗಲು ಲೋಕಲು ರೈಲಿನೊಳಗಡೆ
ಸಿಗದೆ ಪದ್ಯಕೆ ಕಾವ್ಯನಾಮವು
ಮೊಗವ ಬಾಡಿಸಿ ಮನೆಗೆ ಬಂದನು ಕವಿಯು ಸಂಜೆಯಲಿ
ನಗುತ ತಮ್ಮನ ನೋಡಿಕೊಳ್ಳುತ
ಜಗಳಗಂಟನೆ ತಕ್ಕುದೆನ್ನುತ
ಮಗನು ತಂದೆಗೆ ಹೆಸರನಿಟ್ಟನು ತೊಟ್ಟಿಲನು ತೂಗಿ

ಮುಲುಂಡ್ ಪುಟ್ಟಕ್ಕ: ಜಗಳಗಂಟ! ಯಾರನ್ನು ನೋಡಿ ಬರೆದಿರಿ ಅಂತ ಕೇಳಲ್ಲ ಬಿಡಿ.

ಮಾಟುಂಗಾ ಮಾಣಿ: ಕಲ್ಪನೆ ಪರವಾಗಿಲ್ಲ. ಆದರೆ 'ಲೋಕಲು' ಯಾವ ಊರಿನ ಮಾತು ದಾಸರೇ? ನಾವೆಲ್ಲ ಹತ್ತೋದು ಲೋಕಲ್ಲು. ಛಂದಸ್ಸಿನ ಒಂದು ಮಾತ್ರೆ ಉಳಿಸೋಕೆ ಒತ್ತನ್ನೇ ನುಂಗಿದಿರಲ್ಲ!

ದಾಸ: ಲೋಕಲಿಗೆ, ಲೋಕಲಿನಲ್ಲಿ ಅಂತೀರಲ್ಲ, ಆಗ ಒತ್ತು ಎಲ್ಲಿಗೆ ಹೋಗುತ್ತೆ?

ಮಾಣಿ: ಅದು ವಿಭಕ್ತಿ ಹತ್ತಿದಾಗ. ಕಲ್ಲು ಎಲ್ಲಾದರೂ ಕಲು ಆಗುತ್ತಾ?

ದಾಸ: ಕಾಲು ಕಾಲ್ಲು ಆಗುತ್ತಾ? ಕಳೆದ ಸಲ ನಿಮ್ಮ ಶಿಥಿಲದ್ವಿತ್ವ (ಒತ್ತಿನ ಹಿಂದಿನ ಅಕ್ಷರವನ್ನೂ ಒಂದೇ ಮಾತ್ರೆಗೆ ಎಣಿಸಿದ್ದು) ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ. ಮೊದಲು ನಿಮ್ಮದು ಹಾಕಿ.

ಮಾಣಿ:
ಹಗಲಿರುಳು ಹೋಟೆಲಲಿ ದುಡಿದನು
ಬಗಲ ಮಂದಿಯು ಹೆಸರನರಿಯರು
ಮೊಗವ ಕಂಡವರೆಲ್ಲ ಕೂಗುವರಣ್ಣನೆಂದಷ್ಟೆ
ಸೊಗದ ಷಟ್ಪದಿ ತೊಟ್ಟಿಲಾಗಿರೆ
ಸಿಗಿಸಿ ತನ್ನಂಕಿತದೊಳವನನು
ಮಗನು ತಂದೆಗೆ ಹೆಸರನಿಟ್ಟನು ತೊಟ್ಟಿಲನು ತೂಗಿ

ಶಾನುಭೋಗ: ಭೇಷ್.

ದಾಸ: ಒಹೋ! 'ಹೋಟೆಲಲಿ' ನಡೆಯುತ್ತೆ, 'ಲೋಕಲು' ನಡೆಯಲ್ಲ. ಮಾಟುಂಗದ ನ್ಯಾಯವೇ ಬೇರೆ.

ಮಾಣಿ: ಹೋಟೆಲು ನಮ್ಮ ಮನೆಮಾತು ಸ್ವಾಮಿ. ಅಪ್ಪ ಉಡುಪಿ ಕಡೆಯಿಂದ ಬಂದು ಟೇಬಲ್ ಒರೆಸಿದವರು. ಗಲ್ಲಾದಲ್ಲಿ ಕೂತ ಮೇಲೂ ಗಿರಾಕಿಗಳಿಗೆ ಬರೀ 'ಅಣ್ಣಾ'. ನಾನು ಮಾಣಿ ಅಂತ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ.

ದಾಸ: ಅಪ್ಪನಿಗೆ ನಮಸ್ಕಾರ. 'ಹೋಟೆಲಲಿ'ಗೆ ಅಲ್ಲ.

ಪುಟ್ಟಕ್ಕ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ಅಪ್ಪ, ತಾನು, ಮೂರೂ ಸೇರಿ ಕುವೆಂಪು. ಬೇಂದ್ರೆಯವರು ಅಮ್ಮನನ್ನೇ ಮುಂದಿಟ್ಟರು: ಅಂಬಿಕಾತನಯದತ್ತ. ಇಲ್ಲಿ ಅಪ್ಪ, ಮಗ, ತಮ್ಮ ಎಲ್ಲ ಬಂದರು. ತೊಟ್ಟಿಲಿನ ವಿಷಯದಲ್ಲೂ ಒಬ್ಬ ತಾಯಿ ಇಲ್ವಲ್ಲ!

ಮಾಣಿ: ಗ-ಪ್ರಾಸಕ್ಕೆ ತಾಯಿ ಕೂರಲ್ಲ ಅಕ್ಕ.

ಪುಟ್ಟಕ್ಕ: ಪ್ರಾಸ ಬೇಕಿರೋದು ಪಾದದ ಎರಡನೇ ಅಕ್ಷರಕ್ಕೆ. ನಡುವೆ ಕೂರಿಸೋಕೆ ಏನು ಕಷ್ಟ?

ಶಾನುಭೋಗ: ಪಂಜೆ ಮಂಗೇಶರಾಯರು 'ಕವಿಶಿಷ್ಯ' ಅಂತ ಇಟ್ಟುಕೊಂಡಿದ್ದರು. ನಮ್ಮಲ್ಲಿ ಶಿಷ್ಯರೇ ಇಲ್ಲ, ಎಲ್ಲ ಗುರುಗಳೇ.

ದಾಸ: ನಾಳೆ ಭಾನುವಾರ, ಮೆಗಾಬ್ಲಾಕ್; ಹಳಿ ರಿಪೇರಿಗೆ ಅಂತ ರೈಲು ಕಡಿಮೆ. ಲೋಕಲ್ಲಿಗೆ ಕಾಯ್ತಾ ನಿಂತಿರಿ ಮಾಣಿ.

ಠಾಣೆಯ ಹೊಸಬ: ತಡ ಆಯ್ತಾ? ನನ್ನದು ಮೂರು ಪಾದ ಆಗಿದೆ. ಮೊಗ, ನಗು, ಬಗಲು ಎಲ್ಲ ನೀವೇ ಖಾಲಿ ಮಾಡಿಬಿಟ್ಟಿರಿ. 'ಹೊಗೆ' ಬಳಸಬಹುದಾ?