ಫಿಫ್ಟಿ-ಫಿಫ್ಟಿ ಮೀಮ್: ಮಕ್ಕಳು ನಗುತ್ತಾರೆ, ತಪ್ಪು ಎಲ್ಲಿದೆ ಅಂತ ಹೇಗೆ ತೋರಿಸುವುದು?

ಪ್ರಶ್ನೆ (ಹಾಸನದ ಗಣಿತ ಟೀಚರ್):
ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ವಾಲ್ಟರ್ ವ್ಯಾಗ್ನರ್ ಅವರ ಹಳೇ ಕ್ಲಿಪ್ಪಿನ ಮೀಮ್ ನಮ್ಮ ಮಕ್ಕಳ ಕೈಗೂ ಬಂದಿದೆ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದಿಂದ ಭೂಮಿಯೇ ನಾಶವಾಗಬಹುದು ಅಂತ 2008ರಲ್ಲಿ ಹವಾಯಿಯ ಕೋರ್ಟಿಗೆ ಹೋದವರು ಅವರು. 2009ರಲ್ಲಿ ಅಮೆರಿಕದ ಹಾಸ್ಯ ಟಿವಿ ಕಾರ್ಯಕ್ರಮ ಡೈಲಿ ಶೋನಲ್ಲಿ, ಆಗಬಹುದು ಇಲ್ಲವೇ ಆಗದೇ ಇರಬಹುದು, ಹಾಗಾಗಿ ಸಾಧ್ಯತೆ ಎರಡರಲ್ಲಿ ಒಂದು, ಅಂದರೆ ಅರ್ಧ, ಎನ್ನುವ ಅರ್ಥದಲ್ಲಿ ಮಾತಾಡಿದರು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಯಾಕೆ ತಪ್ಪು ಅಂತ ಕೇಳಿದರೆ ಕ್ಲಾಸೇ ಸುಮ್ಮನಾಗುತ್ತದೆ. ಒಬ್ಬಳು ಮಾತ್ರ ಎದ್ದು, "ನಾಣ್ಯಕ್ಕೂ ಎರಡೇ ದಾರಿ, ಅಲ್ಲಿ ಅರ್ಧ ಸರಿ. ಇಲ್ಲಿ ಯಾಕಲ್ಲ ಮಿಸ್?" ಅಂದಳು. ಎಷ್ಟು ಒಳ್ಳೇ ಪ್ರಶ್ನೆ! "ಸಮಸಂಭವನೀಯ ಅಲ್ಲ" (ಎಲ್ಲ ದಾರಿಗೂ ಸಮಾನ ಸಾಧ್ಯತೆ ಇಲ್ಲ) ಅಂತ ಪುಸ್ತಕದ ಪದ ಹೇಳಿ ಅವಳನ್ನು ಕೂರಿಸಲು ಮನಸ್ಸಿಲ್ಲ. ನೀವಾದರೆ ಹೇಗೆ ಹೇಳುತ್ತೀರಿ?

ಉತ್ತರ 1 (ಮೂಡಿಗೆರೆ, ಕಾಫಿ ತೋಟ):
ಮಳೆಯನ್ನೇ ತಗೊಳ್ಳಿ. ನಾಳೆ ಬರುತ್ತದೆ ಅಥವಾ ಬರುವುದಿಲ್ಲ, ದಾರಿ ಎರಡೇ. ಆದರೆ ಜುಲೈಯಲ್ಲಿ ನಮ್ಮೂರಲ್ಲಿ ಯಾರೂ ಅರ್ಧಕ್ಕರ್ಧ ಅನ್ನುವುದಿಲ್ಲ. ಜನವರಿಯಲ್ಲೂ ಅನ್ನುವುದಿಲ್ಲ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವಾಗ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದಾ, ಇನ್ನೆರಡು ದಿನ ನೋಡುವುದಾ ಅಂತ ತಲೆ ಕೆಡಿಸಿಕೊಳ್ಳುತ್ತೇವಲ್ಲ, ಆ ಲೆಕ್ಕವೇ ಸಂಭವನೀಯತೆ.

ಉತ್ತರ 2 (ಚಿಕ್ಕಮಗಳೂರು, ನಿವೃತ್ತ ಪಿಯು ಉಪನ್ಯಾಸಕ):
ಆ ಹುಡುಗಿಗೆ ಮೊದಲು ಶಭಾಶ್ ಹೇಳಿ. ಅವಳ ಅನುಮಾನ ದಡ್ಡತನ ಅಲ್ಲ. 1754ರಲ್ಲಿ ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ ವಿಶ್ವಕೋಶದಲ್ಲೇ ಇಂಥದ್ದನ್ನು ಬರೆದರು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಾಧ್ಯತೆ ಎಷ್ಟು? ಮೊದಲೇ ತಲೆ ಬಿದ್ದರೆ ಆಟ ಮುಗಿಯಿತು. ಆಮೇಲೆ ಬಾಲ-ತಲೆ, ಬಾಲ-ಬಾಲ. ಒಟ್ಟು ಮೂರು, ಗೆಲುವು ಎರಡು, ಹಾಗಾಗಿ 2/3 ಅಂದರು. ಸರಿ ಉತ್ತರ 3/4. ಮೊದಲ ಸಲವೇ ತಲೆ ಬೀಳುವುದು ಅರ್ಧ ಸಲ, ಉಳಿದ ಎರಡು ಕಾಲು-ಕಾಲು. ಎಣಿಕೆ ಸರಿ ಇತ್ತು, ತೂಕ ಒಂದೇ ಅಂದುಕೊಂಡದ್ದು ತಪ್ಪು. ವ್ಯಾಗ್ನರ್ ತಪ್ಪೂ ಅದೇ ಜಾತಿಯದು. ಅಲ್ಲಿ ಎರಡು ದಾರಿಯ ತೂಕ ನೋಡಲು ಆಧಾರವೂ ಇತ್ತು. ಆ ಯಂತ್ರದ್ದಕ್ಕಿಂತ ಜಾಸ್ತಿ ಶಕ್ತಿಯ ಕಾಸ್ಮಿಕ್ ಕಿರಣಗಳು (ಬಾಹ್ಯಾಕಾಶದಿಂದ ಬರುವ ಕಣಗಳು) ಕೋಟ್ಯಂತರ ವರ್ಷಗಳಿಂದ ಭೂಮಿಗೆ, ಚಂದ್ರನಿಗೆ ಬಡಿಯುತ್ತಲೇ ಇವೆ. ಎರಡೂ ಇನ್ನೂ ಇವೆ, ಅಲ್ವಾ?

ನನಗೆ ಬೇಸರ ತರುವುದು ಈ ನಗು. ನಗುವುದಕ್ಕೆ ಲೆಕ್ಕ ಗೊತ್ತಿರಬೇಕಿಲ್ಲ. ಮೂರು ಬಾಗಿಲಿನ ಮಾಂಟಿ ಹಾಲ್ ಒಗಟು ಹೀಗಿದೆ: ಒಂದರ ಹಿಂದೆ ಬಹುಮಾನ, ನೀವು ಒಂದನ್ನು ಆರಿಸಿದ ಮೇಲೆ ಬಹುಮಾನ ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಬಹುಮಾನ ಇಲ್ಲದ ಒಂದನ್ನು ತೆರೆದು, ಬಾಗಿಲು ಬದಲಿಸುತ್ತೀರಾ ಅಂತ ಕೇಳುತ್ತಾನೆ. 1990ರಲ್ಲಿ ಅಮೆರಿಕದ ಅಂಕಣಕಾರ್ತಿ ಮರಿಲಿನ್ ವೋಸ್ ಸಾವಂತ್ ಇದಕ್ಕೆ, ಬಾಗಿಲು ಬದಲಿಸಿದರೆ ಗೆಲ್ಲುವ ಸಾಧ್ಯತೆ 2/3 ಅಂತ ಬರೆದಾಗ ಸುಮಾರು 10,000 ಪತ್ರ ಬಂದವು. ಬರೆದವರಲ್ಲಿ ಹತ್ತಿರ ಹತ್ತಿರ 1,000 ಜನ ಪಿಎಚ್.ಡಿ. ಆದವರು. ಹೆಚ್ಚಿನವರು ಆಕೆಯದೇ ತಪ್ಪು ಅಂದರು, ಹಲವರು ಹೀಯಾಳಿಸಿದರು. ಆಕೆ ಹೇಳಿದ್ದೇ ಸರಿ. ಉಳಿದದ್ದು ಎರಡು ಬಾಗಿಲು, ಆದ್ದರಿಂದ ಅರ್ಧ ಅಂತ ವಾದಿಸಿದವರು ನಕ್ಕ ಕಡೆಯವರು!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಜೋಡಿ ಜೋಡಿಯಾಗಿ ಕೂರಿಸಿ ನಾಣ್ಯ ಚಿಮ್ಮಿಸುತ್ತೇನೆ, ದಾಲಂಬೇರ್ ಲೆಕ್ಕವನ್ನು ಬೋರ್ಡಿನ ಮೇಲೆ ಅವರೇ ಪರೀಕ್ಷೆ ಮಾಡಲಿ. ಮೂಡಿಗೆರೆಯವರೇ, ತೋಟದಲ್ಲಿ ಮಳೆ ಲೆಕ್ಕದ ಪುಸ್ತಕ ಇಡುತ್ತೀರಾ? ಮಾರ್ಚ್ ಮತ್ತು ಜುಲೈ ಪುಟಗಳ ಫೋಟೋ ಸಿಗಬಹುದಾ?

ಉತ್ತರ 1ರವರು:
ನಮ್ಮ ತಂದೆ ಕಾಲದಿಂದ ಇದೆ, ಕಳಿಸುತ್ತೇನೆ. ಎಲ್ಲ ಇಂಚು-ಸೆಂಟ್ ಲೆಕ್ಕದಲ್ಲಿದೆ. 100 ಸೆಂಟ್‌ಗೆ ಒಂದು ಇಂಚು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ.